ಹಾಯಿದೋಣಿ ಗಾಳಿಗೆ ಮೂತಿ ತಿರುಗಿಸಿ ನಿಂತುಬಿಡುತ್ತದೆ, ಯಾರಾದರೂ ಹೇಳಿ

ಜಯನಗರದ_ಮರಗೆಲಸ:
ಮೂರು ಭಾನುವಾರ ಹಾಳಾಯಿತು. ರಿಮೋಟ್ ಹಾಯಿದೋಣಿ, 65 ಸೆಂ.ಮೀ., ಹಗುರ ಬಾಲ್ಸಾ ಮರದಲ್ಲಿ ನಾನೇ ಮಾಡಿದ್ದು. ಬೆನ್ನಿಗೆ ಗಾಳಿ ಇದ್ದರೆ ಚೆನ್ನಾಗೇ ಓಡುತ್ತದೆ. ವಾಪಸ್ ತರೋಣ ಅಂತ ಓರೆಯಾಗಿ ತಿರುಗಿಸಿದರೆ ಎರಡು ಮಾರು ಬಂದು, ತಾನೇ ಗಾಳಿ ಕಡೆ ಮೂತಿ ತಿರುಗಿಸುತ್ತದೆ. ಹಾಯಿ ಪಟಪಟ ಅನ್ನುತ್ತದೆ, ದೋಣಿ ಹಿಂದಕ್ಕೆ ತೇಲುತ್ತದೆ. ನಿನ್ನೆ ಪ್ಯಾಂಟ್ ಮಡಚಿ ಜೊಂಡಿನೊಳಗೆ ಇಳಿದು ತಂದೆ. ಮಿಕ್ಕಿದ್ದೆಲ್ಲ ಸರಿಯಾಗಿದೆ.

ಸರ್ವೋ_ಸೀನ:
ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟರ್, ಅದೇ ಸರ್ವೋ ಸರ್. ನೂರಕ್ಕೆ ನೂರು. ಆಷಾಢದ ಗಾಳಿಗೆ ಪ್ಲಾಸ್ಟಿಕ್ ಗೇರ್ ತಡೆಯುವುದಿಲ್ಲ.

ಜಯನಗರದ_ಮರಗೆಲಸ:
ಎಸ್‌ಪಿ ರೋಡಿಗೆ ಹೋಗಿ ಮೆಟಲ್ ಗೇರಿನದು ತಂದು ಹಾಕಿದೆ. ಅದೇ ಕಥೆ.

ಸರ್ವೋ_ಸೀನ:
ಹಾಗಾದರೆ ಬ್ಯಾಟರಿ.

ಕಾರವಾರದ_ಕಡೆಯವ:
ಎಷ್ಟು ಓರೆ ಹಿಡಿಯುತ್ತೀರಿ? ನೇರ ಗಾಳಿಗೆ ಯಾವ ಹಾಯಿದೋಣಿಯೂ ಹೋಗುವುದಿಲ್ಲ. 45 ಡಿಗ್ರಿ ಬಿಟ್ಟು ಅಂಕುಡೊಂಕಾಗಿ ಹತ್ತಿಸಬೇಕು.

ಕೆರೆ_ಏರಿ:
ಸುಮ್ನೆ ಏನೇನೋ ಹೇಳಬೇಡಿ. ಗಾಳಿ ಹಿಂದಿನಿಂದ ತಳ್ಳಿದರೆ ತಾನೇ ಹಡಗು ಹೋಗುವುದು? ನೌಕಾಪಡೆಯ ಹಾಯಿಹಡಗು ಕೌಂಡಿನ್ಯ ನೋಡಿ.

ಕಾರವಾರದ_ಕಡೆಯವ:
ಕೌಂಡಿನ್ಯ 2025ರ ಮೇನಲ್ಲಿ ನೌಕಾಪಡೆಗೆ ಸೇರಿದ್ದೇ ನಮ್ಮೂರಲ್ಲಿ. ಅದರದು ಚೌಕ ಹಾಯಿ, ಬೆನ್ನಗಾಳಿಗೆ ಒಳ್ಳೆಯದು. ಇವರದು ತ್ರಿಕೋನ, ವಿಮಾನದ ರೆಕ್ಕೆ ನಿಲ್ಲಿಸಿದ ಹಾಗೆ. ಓರೆಗಾಳಿ ಅದನ್ನು ಪಕ್ಕಕ್ಕೂ ಎಳೆಯುತ್ತದೆ, ಸ್ವಲ್ಪ ಮುಂದಕ್ಕೂ. ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಕೀಲ್, ಅಂದರೆ ದೋಣಿಯ ತಳದಿಂದ ಇಳಿಬಿಟ್ಟ ಹಲಗೆ, ಹಿಡಿದುಕೊಳ್ಳುತ್ತದೆ. ಮುಂದಕ್ಕೆ ಹೋಗುವುದೊಂದೇ ದಾರಿ.

ಒಂದು_ಮೀಟರ್:
ನನ್ನ ಒಂದು ಮೀಟರ್ ದೋಣಿಗೆ ಮೂರು ಜೊತೆ ಹಾಯಿ ಇದೆ. ಮಂದಗಾಳಿಗೊಂದು, ಸಾಧಾರಣಕ್ಕೊಂದು, ಜೋರಿಗೊಂದು. ಅಲ್ಯೂಮಿನಿಯಂ ಕಂಬ. ಫೋಟೋ ಬೇಕಾ?

ಕಾರವಾರದ_ಕಡೆಯವ:
ನಿಮ್ಮದಲ್ಲ. ಜಯನಗರದವರು ಹಾಕಲಿ.

ಜಯನಗರದ_ಮರಗೆಲಸ:
ಹಾಕಿದ್ದೇನೆ ನೋಡಿ.

ಕಾರವಾರದ_ಕಡೆಯವ:
ಜಿಬ್ ಎಲ್ಲಿ??

ಜಯನಗರದ_ಮರಗೆಲಸ:
ಮುಂದಿನ ಪುಟ್ಟ ಹಾಯಿನಾ? ಮೊದಲ ದಿನವೇ ಹರಿಯಿತು, ಬಿಚ್ಚಿಟ್ಟೆ. ಚಿಕ್ಕದಲ್ವಾ, ಅದಕ್ಕೇ ಹೇಳಲಿಲ್ಲ.

ಕಾರವಾರದ_ಕಡೆಯವ:
ಅಯ್ಯೋ ಮಾರಾಯ್ರೆ! ಮುಂದೆ ಎಳೆಯುವವರೇ ಇಲ್ಲ. ಗಾಳಿಯ ಒತ್ತಡವೆಲ್ಲ ಕೀಲ್‌ಗಿಂತ ಹಿಂದೆ ಬಿದ್ದು, ಹಿಂಭಾಗವನ್ನು ಆಚೆ ತಳ್ಳುತ್ತದೆ. ಮೂತಿ ಗಾಳಿಗೆ ತಿರುಗದೆ ಇನ್ನೇನು ಮಾಡೀತು? ಹಳೆ ಕೊಡೆ ಬಟ್ಟೆಯಲ್ಲಿ ಜಿಬ್ ಹೊಲಿಸಿ. ಅಲ್ಲಿಯವರೆಗೆ ಕಂಬವನ್ನು ಕೊಂಚ ಮುಂದಕ್ಕೆ ವಾಲಿಸಿ, ದೊಡ್ಡ ಹಾಯಿಯ ಹಗ್ಗ ಸ್ವಲ್ಪ ಸಡಿಲ ಬಿಡಿ.

ಒಂದು_ಮೀಟರ್:
ಕೊಡೆ ಬಟ್ಟೆ ಹಿಗ್ಗುತ್ತದೆ. ನನ್ನದು ಪಾಲಿಯೆಸ್ಟರ್ ಫಿಲ್ಮ್.

ಸರ್ವೋ_ಸೀನ:
ಆದರೂ ಬ್ಯಾಟರಿ ಒಮ್ಮೆ ನೋಡಿಬಿಡಿ ಸರ್.

ಜಯನಗರದ_ಮರಗೆಲಸ:
ಕೊಡೆ ಸಿಕ್ಕಿತು. ಅಮ್ಮಂದು. ಇನ್ನೂ ಕೇಳಿಲ್ಲ.