ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಹಿಪ್ಪುನೇರಳೆಯೋ, ಟೊಮೆಟೊವೋ?

ಪ್ರಶ್ನೆ:
ಕೋಲಾರ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಜಮೀನಿದೆ. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮೂರ ಕೆರೆಗೂ ಬಂದು ಕೋಡಿ ಹರಿದಿದ್ದು, ಬತ್ತಿದ್ದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಾಣಿಸಿಕೊಂಡಿದೆ. ತಂದೆಯವರು ಹಿಪ್ಪುನೇರಳೆಯನ್ನೇ ಹಾಕೋಣ ಎನ್ನುತ್ತಾರೆ, ತಮ್ಮನಿಗೆ ಒಂದು ಎಕರೆಯಲ್ಲಾದರೂ ಟೊಮೆಟೊ ಬೇಕು. ಈ ನೀರಿನಲ್ಲಿ ಬೆಳೆದ ಸೊಪ್ಪನ್ನು ರೇಷ್ಮೆ ಹುಳುವಿಗೆ ಹಾಕಬಹುದೇ?

ಮಾಲೂರಿನ ರೈತ:
ಕೆರೆಯ ನೀರು ಬೇರೆ, ಕೊಳವೆಬಾವಿಯ ನೀರು ಬೇರೆ. ಯೋಜನೆಯ ಉದ್ದೇಶವೇ ಅಂತರ್ಜಲ ಹೆಚ್ಚಿಸುವುದಾದ್ದರಿಂದ ಕೆರೆಗೆ ನೇರವಾಗಿ ಮೋಟಾರು ಇಡುವಂತಿಲ್ಲ. ಇಡುವವರಿದ್ದಾರೆ, ಅದು ಬೇರೆ ಮಾತು. ಮೋಟಾರನ್ನು ಅರ್ಧ ಗಂಟೆ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿ, ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಿರಿ. ಲವಣಾಂಶ, ಸೋಡಿಯಂ ಎರಡನ್ನೂ ನೋಡಿಸಿ. ಫ್ಲೋರೈಡ್ ನಮ್ಮ ಜಿಲ್ಲೆಗೆ ಹಳೆಯ ಕಾಟ, ಅದನ್ನು ಈ ನೀರಿನ ತಲೆಗೆ ಕಟ್ಟಬೇಡಿ.

ಹುಳು ಸಾಕುವವಳು, ಶಿಡ್ಲಘಟ್ಟ:
ಸರ್, ನಿಮ್ಮ ತಂದೆಯವರು ಹೆದರಬೇಕಾದದ್ದು ನೀರಿಗಲ್ಲ, ನಿಮ್ಮ ತಮ್ಮನವರ ಟೊಮೆಟೊಗೆ. ನಮ್ಮ ತೋಟದ ಪಕ್ಕದವರು ಟೊಮೆಟೊಗೆ ಔಷಧಿ ಹೊಡೆದದ್ದು ತಿಳಿಯದೆ ನಾವು ಮರುದಿನ ಬೆಳಿಗ್ಗೆ ಅಂಚಿನ ಸಾಲಿನಿಂದ ಸೊಪ್ಪು ಕೊಯ್ದು ಹಾಕಿದೆವು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದು ಚೆನ್ನಾಗಿ ಮೇಯುತ್ತಿದ್ದ ಹುಳುಗಳು ಸಂಜೆಯೊಳಗೆ ತಲೆ ಅಲ್ಲಾಡಿಸುತ್ತಾ ಹಸಿರು ನೀರು ಕಾರಿ ಕುಗ್ಗಿಹೋದವು. ಗೂಡು ಕಟ್ಟಲು ಬಿಡುವ ಚಂದ್ರಿಕೆಗೆ ಒಂದು ಹುಳುವೂ ಏರಲಿಲ್ಲ. ಎರಡೂ ಬೇಕೆಂದರೆ ಗಾಳಿ ಬೀಸುವ ದಿಕ್ಕು ನೋಡಿ ದೂರ ಬಿಡಿ, ನಡುವೆ ಎತ್ತರದ ಬೇಲಿ ಬೆಳೆಸಿ. ಎರಡು ಎಕರೆಯಲ್ಲಿ ಅದು ಕಷ್ಟವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಭಾನುವಾರ ನೀರು ತುಂಬಿಸಿಕೊಂಡು ಬರುತ್ತೇನೆ. ಅಮ್ಮ, ಅಂಚಿನ ಸಾಲಿನ ಸೊಪ್ಪನ್ನು ಎಷ್ಟು ದಿನ ಬಿಟ್ಟು ಕೊಯ್ದರೆ ಸಾಕು?

ಹುಳು ಸಾಕುವವಳು, ಶಿಡ್ಲಘಟ್ಟ:
ಅದು ಹೊಡೆದ ಔಷಧಿಯ ಮೇಲೆ ಹೋಗುತ್ತದೆ. ಡಬ್ಬಿಯ ಹೆಸರು ಬರೆದುಕೊಂಡು ರೇಷ್ಮೆ ಇಲಾಖೆಯವರನ್ನು ಕೇಳಿ. ನಾವಂತೂ ಆ ಸಾಲುಗಳ ಸೊಪ್ಪನ್ನು ಈಗ ಹಸುವಿಗೂ ಹಾಕುವುದಿಲ್ಲ.