ತಗಡಿನ ಮಾಡಿನಲ್ಲಿ ಒಲೆಯ ಚಿಮಣಿ: ಮೇಸ್ತ್ರಿಗೆ ಕೇಳಿ

ನಿರ್ವಾಹಕ: ಕಟ್ಟಿಗೆ ಒಲೆಯ ಚಿಮಣಿಯನ್ನು ತಗಡಿನ ಮಾಡಿನಿಂದ ಹೊರಗೆ ತೆಗೆದಾಗ ಸೋರದಂತೆ ಕೂಡಿಸುವುದು ಹೇಗೆ? ಈ ಕೆಲಸವನ್ನೇ ಮಾಡಿಕೊಂಡು ಬಂದಿರುವ ಮೇಸ್ತ್ರಿಯವರು ಇಂದು ಸಂಜೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಮೊದಲು ಮೇಲಿನ ಉತ್ತರಗಳನ್ನು ಓದಿ.

ಹೊಸ ಒಲೆ: ನಮಸ್ಕಾರ ಮೇಸ್ತ್ರಿಗಳೇ. ಕೊಳವೆಗೆ ತೊಡಿಸುವ ರಬ್ಬರ್ ಬೂಟಿನಲ್ಲಿ ಕಪ್ಪು, ಕೆಂಪು ಎರಡೂ ಸಿಗುತ್ತವೆ. ಯಾವುದನ್ನು ಕೊಳ್ಳಲಿ?

ಮೇಸ್ತ್ರಿ: ನಮಸ್ಕಾರ. ಕಪ್ಪು ಬೂಟು ಸಾಮಾನ್ಯವಾಗಿ ಇಪಿಡಿಎಂ ರಬ್ಬರು. ನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಹೆಚ್ಚು ದೂರ ಬರುವುದಿಲ್ಲ, ನೀರಿನ ಪೈಪಿಗೆ ಸರಿ. ಕೆಂಪು ಸಾಮಾನ್ಯವಾಗಿ ಸಿಲಿಕೋನ್, ಸುಮಾರು 200 ಡಿಗ್ರಿಯನ್ನು ಸತತವಾಗಿ ತಾಳುತ್ತದೆ. ಆದರೂ ಬಣ್ಣವನ್ನು ನಂಬಬೇಡಿ, ಪೊಟ್ಟಣದ ಮೇಲಿನ ಅಂಕಿ ಓದಿ. ಇನ್ನೊಂದು ಮಾತು: ಮಾಡಿನ ಮೂಲಕ ಹಾಯುವುದು ನಡುವೆ ಶಾಖನಿರೋಧಕ ತುಂಬಿದ ಜೋಡಿಗೋಡೆಯ ಕೊಳವೆಯೇ ಆಗಿರಬೇಕು. ಒಂಟಿಗೋಡೆಯ ಕೊಳವೆಗೆ ಯಾವ ಬೂಟೂ ಬೇಡ, ಅದು ಅಲ್ಲಿರಲೇಬಾರದು.

ಇಳಿಜಾರು: ಬೂಟು ಹಾಕಿದ್ದೇನೆ, ಆದರೂ ಮೇಲ್ಬದಿಯಿಂದ ನೀರು ಇಳಿಯುತ್ತದೆ. ಮೂರು ಸಲ ಸೀಲೆಂಟ್ ಬಳಿದಾಯಿತು.

ಮೇಸ್ತ್ರಿ: ನಾಲ್ಕನೆಯ ಸಲ ಬಳಿದರೂ ಇಳಿಯುತ್ತದೆ. ಬೂಟಿನ ತಳ ತಗಡಿನ ಎರಡು ಉಬ್ಬುಗಳ ನಡುವಿನ ಕಾಲುವೆಗೆ ಅಡ್ಡಗಟ್ಟೆಯಾಗಿ ಕೂತಿದೆ ಎಂದು ಕಾಣುತ್ತದೆ. ಹರಿಯುವ ನೀರು ಸುಮ್ಮನೆ ಹೋಗುತ್ತದೆ, ನಿಂತ ನೀರು ಸಂದು ಹುಡುಕುತ್ತದೆ. ಚೌಕ ತಳವನ್ನು 45 ಡಿಗ್ರಿ ತಿರುಗಿಸಿ, ಒಂದು ಮೂಲೆ ಮಾಡಿನ ನೆತ್ತಿಯ ಕಡೆಗಿರಲಿ. ಆಗ ನೀರು ಸೀಳಿಕೊಂಡು ಎರಡೂ ಪಕ್ಕದಿಂದ ಇಳಿಯುತ್ತದೆ. ಕೊಳವೆ ದಪ್ಪವಿದ್ದರೆ ಇದೂ ಸಾಲದು. ರಂಧ್ರದಿಂದ ನೆತ್ತಿಯವರೆಗೆ ಚಪ್ಪಟೆ ತಗಡು ಹಾಸಿ, ಅದರ ಮೇಲಂಚನ್ನು ನೆತ್ತಿಪಟ್ಟಿಯ ಅಡಿಗೆ ತೂರಿಸಿ.

ಬೆಳಗಿನ ಸಂದೇಶ: ನನಗೆ ಬಂದದ್ದನ್ನು ಹಾಗೆಯೇ ಹಾಕುತ್ತಿದ್ದೇನೆ. ‘ಹಳೆಯ ಟೈರಿನ ಟ್ಯೂಬನ್ನು ಚಿಮಣಿಗೆ ಸುತ್ತಿ ಟಾರು ಬಳಿಯಿರಿ, ಇಪ್ಪತ್ತು ವರ್ಷ ಸೋರುವುದಿಲ್ಲ. ಎಲ್ಲರಿಗೂ ತಲುಪಿಸಿ.’

ಮೇಸ್ತ್ರಿ: ಟ್ಯೂಬೂ ಉರಿಯುತ್ತದೆ, ಟಾರೂ ಉರಿಯುತ್ತದೆ. ಚಿಮಣಿಗೆ ನೀವೇ ಬತ್ತಿ ಸುತ್ತಿ ಎಣ್ಣೆ ಹಾಕಿದ ಹಾಗೆ. ಯಾರಿಗೂ ತಲುಪಿಸಬೇಡಿ.

ನಡು ಅಟ್ಟ: ನನ್ನದು ಸಣ್ಣ ಸಂದೇಹ. ಸೋರಿಕೆ ಇಲ್ಲ. ಕೊಳವೆಗೂ ಮರದ ಪಕಾಸಿಗೂ ನಡುವಿನ ಸಂದಿನಿಂದ ಚಳಿಗಾಳಿ ನುಗ್ಗುತ್ತಿತ್ತು, ಆರು ತಿಂಗಳ ಹಿಂದೆ ಸ್ಪ್ರೇ ಫೋಮ್ ತುಂಬಿದೆ. ಈಗ ಒಲೆ ಜೋರಾದಾಗ ಸೀದ ವಾಸನೆ ಬರುತ್ತದೆ, ಪಕಾಸು ಕಾಫಿಪುಡಿಯ ಬಣ್ಣಕ್ಕೆ ತಿರುಗಿದೆ. ಬಣ್ಣ ಹೊಡೆದರೆ ಮುಚ್ಚಿಹೋದೀತೇ?

ಮೇಸ್ತ್ರಿ: ಒಲೆ ಉರಿಯುತ್ತಿದ್ದರೆ ಇನ್ನೊಂದು ಕಟ್ಟಿಗೆಯನ್ನೂ ಹಾಕಬೇಡಿ. ಪಕಾಸಿನಿಂದ ಹೊಗೆ ಕಂಡರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಇಲ್ಲಿ ಬರೆಯುತ್ತ ಕೂರಬೇಡಿ.

ಹೊಗೆ ಇಲ್ಲವೆಂದಾದರೆ ಮುಂದೆ ಓದಿ. ಆ ಸಂದು ಕೆಲಸ ಬಾರದವನು ಬಿಟ್ಟುಹೋದ ಸಂದಲ್ಲ. ಚಿಮಣಿಯ ಅತಿ ಮುಖ್ಯ ಭಾಗವೇ ಅದು. ಜೋಡಿಗೋಡೆಯ ಕೊಳವೆಗೆ ಸಾಮಾನ್ಯವಾಗಿ ಸುತ್ತ 50 ಮಿಲಿಮೀಟರ್ ಬರಿಯ ಗಾಳಿ ಇರಬೇಕು, ನಿಖರ ಅಳತೆ ತಯಾರಕರ ಹಾಳೆಯಲ್ಲಿರುತ್ತದೆ. ನೀವು ತುಂಬಿದ ಫೋಮು ಬಿಸಿಯನ್ನು ಹೊರಹೋಗಲು ಬಿಡುವುದಿಲ್ಲ, ಜೊತೆಗೆ ತಾನೂ ಉರಿಯುತ್ತದೆ. ಮರಕ್ಕೆ ಕಿಡಿಯೇ ತಾಗಬೇಕೆಂದಿಲ್ಲ. ಸಾಧಾರಣ ಬಿಸಿಯನ್ನೇ ತಿಂಗಳುಗಟ್ಟಲೆ ತಿಂದ ಮರ ಒಳಗೊಳಗೇ ಇದ್ದಿಲಾಗುತ್ತ ಬರುತ್ತದೆ, ಹಾಗಾದ ಮರ ಹೊಸ ಮರಕ್ಕಿಂತ ಬಹಳ ಕಡಿಮೆ ಬಿಸಿಗೆ ಹೊತ್ತಿಕೊಳ್ಳುತ್ತದೆ. ಆರು ತಿಂಗಳು ಏನೂ ಆಗಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಆ ಆರು ತಿಂಗಳೂ ಮರ ಹದಗೊಳ್ಳುತ್ತಿತ್ತು. ಇದರ ಮೇಲೆ ಕೊಳವೆಯೊಳಗಿನ ಕ್ರಿಯೋಸೋಟ್, ಅಂದರೆ ಹೊಗೆಯ ಜಿಡ್ಡು, ಒಂದು ದಿನ ಹೊತ್ತಿಕೊಂಡರೆ ಒಳಗೆ ಸಾವಿರ ಡಿಗ್ರಿ ದಾಟಬಹುದು.

ಎಲ್ಲ ತಣ್ಣಗಾದ ಮೇಲೆ ಫೋಮನ್ನು ಚೂರೂ ಉಳಿಯದಂತೆ ಕಿತ್ತು, ಕೊಳವೆಯತ್ತ ಮುಖ ಮಾಡಿದ ಮರವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಚಳಿಗಾಳಿ ತಡೆಯಲು ಲೋಹದ ತಡೆಫಲಕ ಇದೆ. ಗಾಜಿನ ಉಣ್ಣೆ ಉರಿಯುವುದಿಲ್ಲವಲ್ಲ ಎಂದು ಅದನ್ನೂ ತುರುಕಬೇಡಿ. ಬಣ್ಣದ ಮಾತು ಬಿಡಿ.

ಹಂಚಿನಿಂದ ತಗಡಿಗೆ: ಕಪ್ಪು ಬೂಟು ನಡೆಯುತ್ತದೆಯೇ ಸರ್?

ಮೇಸ್ತ್ರಿ: ಇಲ್ಲ. ಮೇಲೆ ಬರೆದಿದ್ದೇನೆ.

ಹಳೆಯ ಕೈ: ಇಷ್ಟೆಲ್ಲ ಯಾಕೆ? ನಮ್ಮ ತಂದೆಯವರು ಸುತ್ತ ಸಿಮೆಂಟು ಮೆತ್ತಿದ್ದರು, ಮುಗಿಯಿತು.

ಇಳಿಜಾರು: ಮುಗಿದಿರಲಿಕ್ಕಿಲ್ಲ. ಬಿಸಿಗೆ ಕೊಳವೆ ಹಿಗ್ಗುತ್ತದೆ, ಸಿಮೆಂಟು ಅದರಷ್ಟು ಹಿಗ್ಗುವುದಿಲ್ಲ.

ಹಳೆಯ ಕೈ: ಮೂರು ಸಲ ಬಳಿದೂ ಸೋರಿಕೆ ನಿಲ್ಲಿಸಲಾಗದವರು ನಮ್ಮ ತಂದೆಯವರಿಗೆ ಪಾಠ ಹೇಳುವುದು ಬೇಡ.

ಇಳಿಜಾರು: ಪ್ರತಿ ಮಳೆಗಾಲಕ್ಕೂ ಹೊಸದಾಗಿ ಮೆತ್ತುತ್ತಿದ್ದರೋ ಇಲ್ಲವೋ, ಅದೊಂದನ್ನು ಹೇಳಿ.

ಹಳೆಯ ಕೈ: ಮೆತ್ತುತ್ತಿದ್ದರು. ಅದರಲ್ಲೇನು ತಪ್ಪು?

ಗುಬ್ಬಿ ಗೂಡು: ನಮ್ಮ ಚಿಮಣಿಯ ಟೋಪಿಯೊಳಗೆ ಹಕ್ಕಿ ಗೂಡು ಕಟ್ಟಿದೆ, ಮರಿಗಳಿವೆ. ಏನು ಮಾಡಲಿ?

ಮೇಸ್ತ್ರಿ: ಸಿಮೆಂಟಿನವರಿಗೆ: ಒಂದು ಮೀಟರ್ ಸ್ಟೀಲ್ ಕೊಳವೆ 200 ಡಿಗ್ರಿ ಏರಿದರೆ ಮೂರು ಮಿಲಿಮೀಟರಿನಷ್ಟು ಉದ್ದವಾಗಬಹುದು. ಆರಿದಾಗ ಮತ್ತೆ ಮೊದಲಿನಂತೆ. ಅದಕ್ಕೇ ಮಳೆಕಾಲರನ್ನು, ಅಂದರೆ ಬೂಟಿನ ಮೇಲೆ ಕೊಳವೆಯ ಸುತ್ತ ಕೂರುವ ಲೋಹದ ಬಳೆಯನ್ನು, ಕೊಳವೆಗೆ ಬಿಗಿಯುತ್ತೇವೆ, ಮಾಡಿಗಲ್ಲ. ಅದು ಕೊಳವೆಯ ಜೊತೆ ಏರಿ ಇಳಿಯುತ್ತ, ಕೆಳಗಿನ ಸಂದಿಗೆ ಕೊಡೆ ಹಿಡಿಯುತ್ತದೆ. ತಂದೆಯವರ ವಿಷಯ ಇಲ್ಲಿಗೆ ಸಾಕು, ಇಬ್ಬರಿಗೂ.

ಕಂದು ಹನಿ: ಮಳೆ ಇಲ್ಲದ ದಿನವೂ ಒಲೆ ಹಚ್ಚಿದರೆ ಕೊಳವೆಯ ಕೀಲಿನಿಂದ ಕಂದು ನೀರು ತೊಟ್ಟಿಕ್ಕುತ್ತದೆ. ಬೂಟು ಬದಲಾಯಿಸಲೇ?

ಮೇಸ್ತ್ರಿ: ಬೂಟಿನ ತಪ್ಪಿಲ್ಲ, ಅದು ಕ್ರಿಯೋಸೋಟ್. ಹಸಿ ಕಟ್ಟಿಗೆ ಉರಿಸುತ್ತಿದ್ದೀರಿ, ಕೊಳವೆಯನ್ನು ತಲೆಕೆಳಗಾಗಿಯೂ ಜೋಡಿಸಿದ್ದಾರೆ. ಮೇಲಿನ ತುಂಡಿನ ಕಿರಿದಾದ ಬಾಯಿ ಕೆಳಗಿನ ತುಂಡಿನೊಳಗೆ ಇಳಿದಿರಬೇಕು, ಜಿಡ್ಡು ಒಳಗೇ ಜಾರಿ ಒಲೆಗೆ ಬೀಳುತ್ತದೆ. ಬಿಚ್ಚಿ ಗುಡಿಸಿ, ಸರಿಯಾಗಿ ಜೋಡಿಸಿ.

ಬೆಳಗಿನ ಸಂದೇಶ: ಇದಕ್ಕೂ ಒಂದು ಉಪಾಯ ಬಂದಿದೆ. ಬೆಂಕಿಗೆ ಹಿಡಿ ಉಪ್ಪು ಎಸೆದರೆ ಜಿಡ್ಡೆಲ್ಲ ಉದುರುತ್ತದಂತೆ.

ಮೇಸ್ತ್ರಿ: ಉಪ್ಪು ಸ್ಟೀಲನ್ನು ತಿನ್ನುತ್ತದೆ. ಬ್ರಷ್ಷಿನಿಂದ ಗುಡಿಸಬೇಕು. ನಿಮಗೆ ಈ ಸಂದೇಶ ಕಳುಹಿಸುವವರ ಮನೆಯಲ್ಲಿ ಒಲೆ ಇದೆಯೇ?

ಹೊಸ ಒಲೆ: ಯಾವ ಸಿಲಿಕೋನ್ ಸೀಲೆಂಟ್ ಎಂದು ಹೇಳಲೇ ಇಲ್ಲ.

ಮೇಸ್ತ್ರಿ: ಒಬ್ಬರಿಗೆ ಒಂದು ಪ್ರಶ್ನೆ ಎಂದಿತ್ತು. ಬಿಸಿ ತಾಳುವಂಥದ್ದು, ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು. ವಿನೆಗರ್ ವಾಸನೆಯದು ಬೇಡ, ತಗಡಿನ ಸತುವಿನ ಲೇಪವನ್ನು ತಿನ್ನುತ್ತದೆ.

ಗುಬ್ಬಿ ಗೂಡು: ನನ್ನ ಪ್ರಶ್ನೆ?

ಹಂಚಿನಿಂದ ತಗಡಿಗೆ: ಕಪ್ಪು ಬೂಟು ಕೊಂಡಾಗಿದೆ ಸರ್. ಒಂದು ಮಳೆಗಾಲಕ್ಕಾದರೂ?

ನಡು ಅಟ್ಟ: ಹೊಗೆ ಇರಲಿಲ್ಲ. ಒಲೆ ಆರಿ ತಣ್ಣಗಾಯಿತು, ಫೋಮು ಕಿತ್ತೆ. ಕೊಳವೆಯ ಕಡೆಯ ಮೈ ಪೂರ್ತಿ ಕಪ್ಪು. ಸ್ಕ್ರೂಡ್ರೈವರ್ ಬೇಕಾಗಲಿಲ್ಲ, ಉಗುರು ತಾಗಿಸಿದರೆ ಹೆಪ್ಪಳಿಕೆಯಾಗಿ ಕಳಚಿ ಬರುತ್ತಿದೆ.

ಮೇಸ್ತ್ರಿ: ಎಷ್ಟು ಆಳಕ್ಕೆ? ಪಕ್ಕದ ಪಕಾಸನ್ನೂ ಮುಟ್ಟಿ ನೋಡಿ. ಒಲೆ ಹಚ್ಚಬೇಡಿ.