ಪದ ಬೇಕು, ಅವಸರ ಇದೆ: ಫ್ರಿಜ್ ಇಲ್ಲದೆ ಕೆಡದ ಬುತ್ತಿಗೆ ಏನನ್ನೋಣ?

ಬಾಗಲಕೋಟೆಯಿಂದ:
ನಾಳೆ ಬೆಳಗ್ಗೆ ಲೇಬಲ್ ಅಚ್ಚಿಗೆ ಹೋಗಬೇಕು. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗಾಗಿ ನಮ್ಮ ಓಣಿಯ ಹೆಣ್ಣುಮಕ್ಕಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪ್ಯಾಕ್ ಮಾಡಿದ್ದಾರೆ. ‘ಶೆಲ್ಫ್ ಸ್ಟೇಬಲ್’ ಅಂತಾರಲ್ಲ, ಅದಕ್ಕೆ ಕನ್ನಡ ಬೇಕು. ‘ಶೈತ್ಯೀಕರಣದ ಅವಶ್ಯಕತೆಯಿಲ್ಲ’ ಎಂದು ಬರೆದಿದ್ದೆ. ರೊಟ್ಟಿ ಬಡಿಯುತ್ತಿದ್ದ ನಮ್ಮತ್ತೆ ಓದಿಸಿಕೊಂಡು, ‘ತಿಂದರ ನೆಗಡಿ ಆಗೂದಿಲ್ಲಂತೇನು?’ ಅಂದರು.

ಮೈಸೂರಿನಿಂದ:
ಫ್ರಿಜ್ಜಿಗೆ ಕನ್ನಡ ಇದ್ದೇ ಇದೆ, ತಂಗಳುಪೆಟ್ಟಿಗೆ. ‘ತಂಗಳುಪೆಟ್ಟಿಗೆ ಬೇಡದ ಬುತ್ತಿ’ ಎಂದು ಹಾಕಿ.

ಧಾರವಾಡದಿಂದ:
ತಿನ್ನುವ ಪೊಟ್ಟಣದ ಮೇಲೆ ತಂಗಳು ಅಂತ ಇದ್ದರೆ ಯಾರು ಕೊಳ್ಳುತ್ತಾರೆ ಸ್ವಾಮಿ?

ಮೈಸೂರಿನಿಂದ:
ತಂಗಳು ಬೈಗುಳ ಅಲ್ಲ. ತಣ್ ಮತ್ತು ಕೂಳ್, ತಣ್ಣಗಾದ ಅನ್ನ, ಅಷ್ಟೇ. ಕೆಟ್ಟಿದ್ದಕ್ಕೆ ಹಳಸಲು ಅನ್ನಬೇಕು.

ಶಿವಮೊಗ್ಗದಿಂದ:
ಕನ್ನಡದ ಹಟ ಹಿಡಿದವರು ಬುತ್ತಿ ಅಂದದ್ದು ತಮಾಷೆಯಾಗಿದೆ. ಅದು ಭುಕ್ತಿಯ ತದ್ಭವ. ಓಗರ ಅಂದರೆ ಅನ್ನ. ಕಟ್ಟಿ ಒಯ್ಯುವ ಓಗರ ‘ಕಟ್ಟೋಗರ’ ಇರುವಾಗ ಇದ್ಯಾಕೆ? ಪುಳಿಯೋಗರೆಯಲ್ಲಿ ಇರುವುದೂ ಅದೇ ಓಗರ. ಹಾಗೆ ನೋಡಿದರೆ ನಾವು ತಿಂಗಳಿಗೊಮ್ಮೆ ಎಣಿಸುವ ಸಂಬಳವೂ ಮೂಲದಲ್ಲಿ ಶಂಬಲ. ಸಂಸ್ಕೃತದಲ್ಲಿ ಹಾಗಂದರೆ ದಾರಿಯ ಬುತ್ತಿ.

ಬಾಗಲಕೋಟೆಯಿಂದ:
ಸಂಬಳ ಆಮೇಲೆ ನೋಡೋಣ. ಲೇಬಲ್?

ಧಾರವಾಡದಿಂದ:
ನಾಮಪದ ಹುಡುಕುವುದೇ ತಪ್ಪು. ಅಡುಗೆಮನೆಯಲ್ಲಿ ಇದಕ್ಕೆ ಕ್ರಿಯಾಪದಗಳಿವೆ, ಒಂದೊಂದಕ್ಕೆ ಒಂದೊಂದು. ಅನ್ನ, ಸಾರು ಹಳಸುತ್ತದೆ. ಉಪ್ಪಿನಕಾಯಿಗೆ ಬೂಸ್ಟು ಹಿಡಿಯುತ್ತದೆ. ಶೇಂಗಾ ಪುಡಿ ಹಳಸುವುದಿಲ್ಲ, ಎಣ್ಣೆ ಬಿಟ್ಟು ಕಮಟು ವಾಸನೆ ಬರುತ್ತದೆ. ಖಡಕ್ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಅದಕ್ಕೇ ಬಾಳುತ್ತದೆ. ತೇವ ತಗುಲಿದರೆ ಮೆತ್ತಗಾಗುತ್ತದೆ, ಬೂಸ್ಟು ಬರುವುದು ಆಮೇಲೆ. ನಮ್ಮವ್ವ ಊರಿಗೆ ಹೊರಟರೆ ಮೊಸರನ್ನವನ್ನು ಮೊಸರಲ್ಲಿ ಕಲಸುತ್ತಿರಲಿಲ್ಲ. ಬಿಸಿ ಅನ್ನಕ್ಕೆ ಹಾಲು ಹಾಕಿ, ಆರಿದ ಮೇಲೆ ಒಂದು ಚಮಚ ಮೊಸರು ಬೆರೆಸಿ ಕಟ್ಟುತ್ತಿದ್ದಳು. ಮಧ್ಯಾಹ್ನ ಬಿಚ್ಚುವಾಗ ಹದವಾಗಿ ಹೆಪ್ಪಾಗಿರುತ್ತಿತ್ತು. ‘ಸಂಜೀತನಕ ತಡೀತದ’ ಅನ್ನುತ್ತಿದ್ದಳು. ತಡೆಯುತ್ತದೆ, ಇದೇ ನಿಮ್ಮ ಪದ.

ಮೈಸೂರಿನಿಂದ:
ತಡೆ ಅಂದರೆ ಅಡ್ಡಿ. ಏನನ್ನು ತಡೆಯುತ್ತದೆ, ಹಸಿವನ್ನಾ? ‘ತಾಳುತ್ತದೆ’ ಅನ್ನಿ. ಜೊತೆಗೆ ಆ ಖಡಕ್ ಕೂಡ ತೆಗೆಯಿರಿ, ಅದು ಕನ್ನಡದ್ದಲ್ಲ.

ಧಾರವಾಡದಿಂದ:
ಖಡಕ್ ತೆಗೆದರೆ ಉಳಿಯುವುದು ಮೆತ್ತನೆ ರೊಟ್ಟಿ, ಅದು ಎರಡು ದಿನಕ್ಕೆ ಕೆಡುತ್ತದೆ. ಶೇಂಗಾ ಮರಾಠಿಯಿಂದ ಬಂತು, ಆ ಕಾಳು ದಕ್ಷಿಣ ಅಮೆರಿಕದಿಂದ ಬಂತು. ಅದನ್ನೂ ಪ್ಯಾಕೆಟ್ಟಿನಿಂದ ತೆಗೆಯೋಣವಾ?

ಶಿವಮೊಗ್ಗದಿಂದ:
ಕಟ್ಟೋಗರದ ಬಗ್ಗೆ ಯಾರೂ ಮಾತಾಡಲಿಲ್ಲ.

ಬಾಗಲಕೋಟೆಯಿಂದ:
ಅಚ್ಚಿಗೆ ಕಳಿಸಿದೆ: ‘ದಾರಿ ಬುತ್ತಿ. ಫ್ರಿಜ್ ಬೇಡ. ತೇವ ತಗುಲದಂತೆ ಡಬ್ಬಿಯಲ್ಲಿಟ್ಟರೆ 20 ದಿನ ತಡೆಯುತ್ತದೆ.’ ಅತ್ತೆಗೆ ಓದಿ ಹೇಳಿದೆ. ‘ಇಪ್ಪತ್ತ ಯಾಕ, ತಿಂಗಳ ಹಾಕು’ ಅಂದರು.

ಮೈಸೂರಿನಿಂದ:
ಶೇಂಗಾ ಬದಲು ಕಡಲೆಕಾಯಿ ಅಂತಾದರೂ ಹಾಕಬಹುದಿತ್ತು.